ಹೆಚ್ಚಾದ ಪಿಸ್ತೂಲು

"ಗುರುಗಳೇ, ಅಂಜುವವನ ಕೈಗೆ ಆಯುಧ ಸಿಕ್ಕರೆ ಅಂಜಿಕೆ ಹೋಗುತ್ತದೆಯೇ?" ಎಂದು ಚೆನ್ನವೀರ ಕೇಳಿದ. ಮಠದ ತೋಟ ಕಾಯುವ ಕೆಲಸ ಅವನಿಗೆ ಹೊಸದಾಗಿ ಬಿದ್ದಿತ್ತು.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ಮೆಣಸಿನ ವ್ಯಾಪಾರಿ ಇದ್ದ. ಘಟ್ಟದ ದಾರಿಯಲ್ಲಿ, ಕೂಗಿದರೆ ಊರಿಗೆ ಕೇಳಿಸದಷ್ಟು ದೂರದಲ್ಲಿ ಅವನ ಮನೆ. ಅವನ ಬಳಿ ಎರಡು ಪಿಸ್ತೂಲುಗಳಿದ್ದವು. ಒಂದು ಅವನದು. ಇನ್ನೊಂದನ್ನು ಹೆಂಡತಿಗೆಂದು ತಂದಿದ್ದ. ಅವನು ಸರಕಿಗೆ ಹೋದಾಗ ಅವಳು ಒಬ್ಬಳೇ ಇರುತ್ತಿದ್ದಳು. ಅವಳು ಅದನ್ನು ಒಮ್ಮೆಯೂ ಹಾರಿಸಲಿಲ್ಲ. ಹುಣಸೆಹಣ್ಣಿನ ಮಡಕೆಯ ಹಿಂದೆ ಇಟ್ಟು ಮರೆತಳು. ಹೊರಗೆ ಸದ್ದಾದರೆ "ಯಾರಪ್ಪಾ ಅದು?" ಎಂದು ಕೇಳುತ್ತಿದ್ದಳು. ಬಂದವರು ಹೆಸರು ಹೇಳುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು.

ಅವಳು ತೀರಿಕೊಂಡಳು. ಮನೆಯಲ್ಲಿ ಒಂದು ತಟ್ಟೆ ಹೆಚ್ಚಾಯಿತು. ಒಂದು ಚಾಪೆ ಹೆಚ್ಚಾಯಿತು. ಒಂದು ಪಿಸ್ತೂಲು ಹೆಚ್ಚಾಯಿತು.

ಆಮೇಲೆ ವ್ಯಾಪಾರಿಗೆ ಅಂಜಿಕೆ ಹಿಡಿಯಿತು. ಯಾರಿಗೆ ಅಂಜುತ್ತೀ ಎಂದರೆ ಹೇಳಲು ಬರುತ್ತಿರಲಿಲ್ಲ. ಹಾಡುಹಗಲಲ್ಲಿ ತೆಂಗಿನ ಗರಿ ಬಿದ್ದರೂ ಬೆಚ್ಚಿಬೀಳುತ್ತಿದ್ದ. ಅನ್ನ ಕಲಸುತ್ತಿದ್ದ ಕೈ ಹಾಗೇ ನಿಲ್ಲುತ್ತಿತ್ತು. ಯಾರೆಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಬಾಗಿಲು ಸರಿಸಿ ನೋಡಿದರೆ ಅಂಗಳ ಖಾಲಿ. ಖಾಲಿ ಅಂಗಳ ಕಂಡು ಇನ್ನೂ ಹೆದರುತ್ತಿದ್ದ.

ದಂಡು ಬಿಟ್ಟು ಬಂದ ಸಿಪಾಯಿಯೊಬ್ಬ ಆ ದಾರಿಯಲ್ಲಿ ಹೋಗುತ್ತಿದ್ದವನು ನೀರು ಕೇಳಿದ. ಅವನ ಹೆಗಲಲ್ಲಿ ದಂಡಿನ ಬಂದೂಕಿತ್ತು. ಅದರ ನಳಿಗೆಯನ್ನು ಕೊಯ್ದು ಮೊಟಕು ಮಾಡಿದ್ದರು. ಹಿಂದಿನ ಮರದ ಹಿಡಿಯನ್ನು ಬದಲಿಸಿದ್ದರು. ವ್ಯಾಪಾರಿಯ ಕಣ್ಣು ಅದರ ಮೇಲೇ ನೆಟ್ಟಿತು. ಅದೂ ಇದೂ ಮಾತಾಡುತ್ತ ಮಡಕೆಯ ಹಿಂದಿನ ಪಿಸ್ತೂಲು ಹೊರಗೆ ಬಂತು.

"ಬದಲು ಮಾಡಿಕೊಳ್ಳೋಣವಾ ಸಾವ್ಕಾರ್ರೇ?" ಎಂದ ಸಿಪಾಯಿ. "ಒಂದು ಸೊಂಟಕ್ಕೆ ಎರಡು ಪಿಸ್ತೂಲು ಯಾಕೆ? ಎರಡು ತಟ್ಟೆ ಇದ್ದರೆ ಎರಡು ಹೊಟ್ಟೆ ಆಗುತ್ತದಾ?"

"ಇದು ಎಷ್ಟು ದೂರ ಹೋಗುತ್ತದಪ್ಪಾ?"

"ಆ ಗುಡ್ಡದ ಮೇಲೆ ಮೇಕೆ ಕಾಣುತ್ತದಲ್ಲ, ಅಲ್ಲಿಗೆ."

"ನನಗೆ ಮೇಕೆ ಕಾಣುವುದಿಲ್ಲ."

"ನಿಮಗೆ ಕಾಣದಿದ್ದರೂ ಅದು ಬೀಳುತ್ತದೆ."

"ಅಷ್ಟು ಒಳ್ಳೆಯದಾದರೆ ನೀನೇಕೆ ಬಿಡುತ್ತೀ?"

"ಹೊತ್ತು ಹೊತ್ತು ಹೆಗಲು ಬಿದ್ದುಹೋಗಿದೆ. ಅಂಗಿಯೊಳಗೆ ಇಟ್ಟುಕೊಂಡರೆ ಯಾರಿಗೂ ಕಾಣಬಾರದು, ಅಂಥದ್ದು ಸಾಕು ನನಗೆ. ಯೋಚನೆ ಮಾಡಿ. ಸಂತೆ ಮುಗಿಸಿ ಬರುತ್ತೇನೆ."

ಸಿಪಾಯಿ ಸಂತೆಗೆ ಹೋದ. ವ್ಯಾಪಾರಿ ಯೋಚಿಸುತ್ತ ಕುಳಿತ. ಪಿಸ್ತೂಲು ತೊಡೆಯ ಮೇಲಿತ್ತು. ಅದಕ್ಕೆ ಹುಣಸೆಯ ವಾಸನೆ ಹತ್ತಿತ್ತು. ಅವಳದು, ಕೊಡುವುದು ಹೇಗೆ ಎನಿಸಿತು. ಅವಳೇ ಇಲ್ಲ, ಇಟ್ಟುಕೊಂಡು ಏನು ಎಂದೂ ಎನಿಸಿತು. ಪಿಸ್ತೂಲು ಅಂಗಳದ ತುದಿಯವರೆಗೆ ಕಾಯುತ್ತದೆ. ಬಂದೂಕಾದರೆ ಗುಡ್ಡದವರೆಗೆ ಕಾಯುತ್ತದೆ. ಅವನು ಗುಡ್ಡವನ್ನು ನೋಡಿದ. ಅಲ್ಲಿಯವರೆಗೆ ಆ ಗುಡ್ಡಕ್ಕೆ ಅವನು ಅಂಜಿರಲಿಲ್ಲ. ಆ ಹೊತ್ತಿನಿಂದ ಅದಕ್ಕೂ ಅಂಜಿದ.

ಸಿಪಾಯಿ ಮರಳಿ ಬಂದ. ಬದಲು ಮಾಡಿಕೊಂಡರು. ಸಿಪಾಯಿ ಪಿಸ್ತೂಲಿಗೆ ತೋಟಾ ತುಂಬಿ ಅಂಗಿಯೊಳಗೆ ಇಳಿಬಿಟ್ಟ. ಅದು ಅಲ್ಲಿದೆ ಎಂದು ತಿಳಿಯುವಂತಿರಲಿಲ್ಲ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಹಿತ್ತಿಲಿಗೂ ಬಾಗಿಲು ಇದೆಯಾ ಸಾವ್ಕಾರ್ರೇ?" ಎಂದು ಕೇಳಿದ.

"ಯಾಕೆ?"

"ಸುಮ್ಮನೆ ಕೇಳಿದೆ. ಗಾಳಿ ಚೆನ್ನಾಗಿ ಬರುತ್ತದೆ."

ಅವನು ಹೊರಟುಹೋದ. ವ್ಯಾಪಾರಿ ಹಿತ್ತಿಲ ಬಾಗಿಲಿಗೆ ಮೆಣಸಿನ ಮೂಟೆ ಒಟ್ಟಿದ. ಬಂದೂಕು ಹಿಡಿದು ಮುಂಬಾಗಿಲಲ್ಲಿ ಕುಳಿತ. ದಾರಿಯಲ್ಲಿ ಹೋಗುವವರ ಮುಖ ನೋಡುವುದನ್ನು ಬಿಟ್ಟ. ಅಂಗಿ ನೋಡತೊಡಗಿದ. ಆ ಪಿಸ್ತೂಲು ಯಾರ ಅಂಗಿಯೊಳಗಿದೆಯೋ! ಸಿಪಾಯಿ ಅದನ್ನು ಯಾರಿಗೆ ಕೊಟ್ಟನೋ! ಅದರ ಗುಂಡು ಹಲಗೆಯಲ್ಲಿ ಎಷ್ಟು ಆಳ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕೊಳ್ಳುವಾಗ ಹಾರಿಸಿ ನೋಡಿದವನು ಅವನೇ.

ಒಂದು ಮಧ್ಯಾಹ್ನ ಗಾಡಿಯವನು ಮೂಟೆ ಹೇರಲು ಬಂದ. ಹಳೆಯ ಪರಿಚಯ. ವ್ಯಾಪಾರಿಯ ಹೆಂಡತಿಯ ಚಟ್ಟಕ್ಕೆ ಹೆಗಲು ಕೊಟ್ಟಿದ್ದವನು. ಎತ್ತಿನ ಕೊರಳ ಹಗ್ಗ ಬಿಚ್ಚಿ ಅಂಗಳಕ್ಕೆ ಬಂದು, ನಗುತ್ತ ಅಂಗಿಯೊಳಗೆ ಕೈ ಹಾಕಿದ.

ಬಂದೂಕು ಹಾರಿತು. ಗಾಡಿಯವನ ಹಿಂದೆ ನಿಂತಿದ್ದ ಎತ್ತು ಮಂಡಿಯೂರಿ ಬಿದ್ದಿತು.

"ನಾನು ಕಣ್ರೀ! ನಾನು!" ಎಂದು ಗಾಡಿಯವನು ಕೂಗಿದ. ಅವನ ಕೈಯಲ್ಲಿ ಎಲೆಯಡಿಕೆಯ ಚೀಲವಿತ್ತು.

ವ್ಯಾಪಾರಿ ಬಂದೂಕನ್ನು ಕೆಳಗಿಳಿಸಲಿಲ್ಲ. ಇಳಿಸಲು ಅಂಜಿದ. ಗಾಡಿಯವನು ಸತ್ತ ಎತ್ತನ್ನೂ ಬಿಟ್ಟು ಓಡಿದ. ಅಂದಿನಿಂದ ಆ ದಾರಿಯಲ್ಲಿ ಯಾರೂ ಬರಲಿಲ್ಲ. ಯಾರೂ ಬಾರದಿರುವುದನ್ನು ನೋಡುತ್ತ ಅವನು ಬಾಗಿಲಲ್ಲಿ ಕುಳಿತೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ, "ಆ ಸಿಪಾಯಿ ಮತ್ತೆ ಬಂದನೇ, ಗುರುಗಳೇ?" ಎಂದು ಕೇಳಿದ.

"ಬರಲಿಲ್ಲ ಮಗು. ಬದಲು ಮಾಡಿಕೊಳ್ಳುವವರೆಗೆ ವ್ಯಾಪಾರಿಯ ಅಂಜಿಕೆ ಬರಿಗೈಯಲ್ಲಿತ್ತು, ಅದರ ಕೈಗೆ ಪಿಸ್ತೂಲು ಕೊಟ್ಟವನು ಅವನೇ."