ಮೊದಲು ಇಳಿದ ಕೆಂಪು

ಹಳೆಯ ಕಾಲದ ಕೈಬರಹದ ಸುರುಳಿಗಳಲ್ಲಿರುವಂತೆ ಅಕ್ಷರಗಳನ್ನು ಸಿಂಗರಿಸುವುದು ವಾರಿಜಮ್ಮನ ಹವ್ಯಾಸ. ಅಂದು ‘ಶ್ರೀ’ ಅಕ್ಷರಕ್ಕೆ ಚಿನ್ನ, ಸುತ್ತಲಿನ ಹೂಗಳಿಗೆ ಕೆಂಪು ಎಂದು ಗೊತ್ತುಮಾಡಿದ್ದರು. ಬಟ್ಟಲಲ್ಲಿದ್ದ ಕೆಂಪು ಬಣ್ಣಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಅಮ್ಮಾ, ಮೊದಲು ನಾನು! ನನ್ನನ್ನೇ ಇಳಿಸಿ!” ಎಂದು ಕುಣಿಯಿತು.

“ತಾಳು,” ಎಂದಿತು ಕಾಗದದ ಮಡಿಕೆಯಲ್ಲಿದ್ದ ಚಿನ್ನದ ರೇಕು, ಉಸಿರು ತಾಕಿದರೂ ಹಾರುವಷ್ಟು ತೆಳುವಾದ ಹಾಳೆ. “ಮೊದಲು ನಾನು ಕೂರುವುದು ಪದ್ಧತಿ. ಗೋಂದು ಕಂಡಲ್ಲೆಲ್ಲ ಹಿಡಿದುಕೊಳ್ಳುವುದು ನನ್ನ ಸ್ವಭಾವ. ನಿನ್ನ ಮೈಯಲ್ಲೂ ಗೋಂದಿದೆ.”

“ಹೊಟ್ಟೆಕಿಚ್ಚು ನಿನಗೆ!” ಎಂದಿತು ಕೆಂಪು.

ವಾರಿಜಮ್ಮನಿಗೂ ಆಸೆ ತಡೆಯಲಾಗಲಿಲ್ಲ, ಕುಂಚ ಅದ್ದಿಯೇಬಿಟ್ಟರು. ಹೂಗಳು ಕೆಂಡದಂತೆ ಹೊಳೆದವು. “ನೋಡಿದೆಯಾ?” ಎಂದು ಕೆಂಪು ಬೀಗಿತು.

ಬಣ್ಣ ಆರುವಷ್ಟೂ ತಾಳದೆ ಅವರು ಅಕ್ಷರಕ್ಕೆ ಗೋಂದು ಬಳಿದು, ಹೂಗಳನ್ನೂ ಮುಚ್ಚುವಷ್ಟು ಅಗಲವಾಗಿ ರೇಕು ಹಾಸಿ, ಮೆಲ್ಲಗೆ ಒತ್ತಿ, ಹೆಚ್ಚಾದದ್ದನ್ನು ಒಣ ಕುಂಚದಿಂದ ಗುಡಿಸಿದರು. ಅಕ್ಷರದ ಮೇಲೆ ನಿಂತ ಚಿನ್ನ ಹೂಗಳ ಮೇಲೂ ನಿಂತಿತ್ತು.

“ನಾನಿಲ್ಲಿದ್ದೇನೆ! ಅಡಿಯಲ್ಲಿದ್ದೇನೆ!” ಎಂದು ಕೆಂಪು ಕೂಗಿಕೊಂಡಿತು.

ವಾರಿಜಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಹಿಗ್ಗಿದರು. “ಅಬ್ಬಾ, ಚಿನ್ನದ ಹೂಗಳು! ಇನ್ನು ಕೆಂಪು ಯಾಕೆ ಬೇಕು?” ಎಂದು ಬಟ್ಟಲನ್ನು ತೊಳೆಯಲು ಎತ್ತಿಕೊಂಡರು.