ಹಗೆವಿಗೆ ನೀರು ಹೊಯ್ಸಿದ ದಳವಾಯಿ

ಹಿಂದಕ್ಕೆ, ಬಹಳ ಹಿಂದಕ್ಕೆ, ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲಕ್ಕೆ, ಎರೆಸೀಮೆಯಲ್ಲಿ ಒಂದೂರು. ಕೊರವಿಹಾಳ ಅಂತ ಹೆಸರು. ನಮ್ಮೂರೇ. ಈಗಿನ ಕೊರವಿಹಾಳ ನೋಡಿ ಯಾರೂ ಮೂಗು ಮುರಿಯಬೇಡಿ. ಆಗ ನಮ್ಮೂರ ಜೋಳ ಉಂಡವನು ಬೇರೆ ಊರ ಜೋಳಕ್ಕೆ ಕೈ ಹಚ್ಚುತ್ತಿರಲಿಲ್ಲವಂತೆ. ಊರಬಾಗಿಲ ಅಗಸಿ ದಾಟಿ ಒಳಗೆ ಬಂದರೆ ನೆಲದಡಿಗೆಲ್ಲ ಹಗೆವು. ಆಳುದ್ದದ ಗುಂಡಿ, ಸುತ್ತ ಹುಲ್ಲು, ಒಳಗೆ ಜೋಳ, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ಬರದ ಮೇಲೆ ಬರ ಬಿದ್ದರೂ ಊರು ನಗುತ್ತ ಉಣ್ಣುತ್ತಿತ್ತಂತೆ.

ಆ ಊರಲ್ಲಿ ಹುಟ್ಟಿದವನು ಮಲಕಾಜಪ್ಪ. ಬರಿಗಾಲಲ್ಲಿ ಊರು ಬಿಟ್ಟು ಹೋಗಿ ಅರಸನ ದಳವಾಯಿಯಾದವನು. ಅವನು ಹತ್ತಿದರೆ ಕುದುರೆಯ ಬೆನ್ನು ಬಾಗುತ್ತಿತ್ತಂತೆ. ಅವನು ಕೂಗಿದರೆ ಹಳ್ಳದಾಚೆಯ ಎತ್ತುಗಳು ನೊಗ ಹರಿದುಕೊಂಡು ಓಡುತ್ತಿದ್ದವಂತೆ. ಅವನಿಗೆ ಒಬ್ಬಳೇ ಅಕ್ಕ, ಹೊಳೆವ್ವ. ತಾಯಿ ಸತ್ತಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳು. ಗಂಡ ತೀರಿಹೋಗಿದ್ದ. ಅವಳಿಗಿದ್ದದ್ದು ಒಬ್ಬಳೇ ಮಗಳು, ಬಾಳವ್ವ, ಹಾಲುಹಲ್ಲು ಬಿದ್ದಿರದ ಕೂಸು.

ಒಂದು ವರ್ಷ ಬಡಗಣ ದಿಕ್ಕಿನಿಂದ ವೈರಿ ದಂಡು ಬಂತು. ಆ ದಂಡು ಬುತ್ತಿ ಕಟ್ಟಿಕೊಂಡು ಬರುವ ದಂಡಲ್ಲ. ಹಗೆವಿದ್ದ ಊರಲ್ಲಿ ಇಳಿಯುವುದು, ಹಗೆವು ಖಾಲಿಯಾಗುವ ತನಕ ಉಣ್ಣುವುದು, ಆಮೇಲೆ ಊರಿಗೆ ಬೆಂಕಿ ಇಡುವುದು. ಹಾಗೇ ಉಣ್ಣುತ್ತ ಅರಸನ ಪಟ್ಟಣದ ಕಡೆಗೆ ಸಾಗಿತ್ತು. ಮಲಕಾಜಪ್ಪನ ಹತ್ತಿರ ಇದ್ದ ಮಂದಿ ಕಡಿಮೆ. ಆಗ ಅವನು ಹೇಳಿದನಂತೆ, ದಂಡಿನ ದಾರಿಯಲ್ಲಿ ಒಂದು ಕಾಳು ಉಳಿಯಬಾರದು, ಎಲ್ಲ ಹಗೆವಿಗೂ ನೀರು ಹೊಯ್ಯಿರಿ. ಹೇಳಿದವನು ಮೊದಲು ಬಂದದ್ದು ತನ್ನ ಊರಿಗೇ.

ಊರು ಬಾಯಿ ಬಾಯಿ ಬಡಿದುಕೊಂಡಿತು. ಬಂಡಿಯಲ್ಲಿ ಸಾಗಿಸುತ್ತೇವೆ ಅಂದರು. ಬಂಡಿ ಹಳ್ಳ ದಾಟುವುದರೊಳಗೆ ವೈರಿಯ ಕುದುರೆಗಳು ಬಂದು ಮುಟ್ಟುತ್ತವೆ ಅಂದ ಮಲಕಾಜಪ್ಪ. ಕೊನೆಗೆ ಹೊಳೆವ್ವ ಎದ್ದು ನಿಂತಳು.

"ಉಣ್ಣೂ ಜ್ವಾಳ ಹೋದರ ಹೋಗಲಿ. ಬೀಜದ ಹಗೇವು ಒಂದ ಬಿಡೋ ತಮ್ಮಾ. ಮುಂದ ಬಿತ್ತಾಕ ಏನೈತಿ, ನಿನ್ನ ಮೀಸಿ ಬಿತ್ತೂಣೇನು?"

ಮಂದಿ ನಕ್ಕರಂತೆ. ಅವನು ನಗಲಿಲ್ಲವಂತೆ.

"ಒಂದು ಬಿಟ್ಟರ ಎಲ್ಲಾ ಬಿಟ್ಟಂಗ, ಯಕ್ಕಾ. ಮೊದಲನೇ ಕೊಡ ನೀನ ಹೊಯ್ಯಬೇಕು. ದಳವಾಯಿ ಅಕ್ಕ ಹೊಯ್ದಮ್ಯಾಲ ಯಾರು ಬ್ಯಾಡಂತಾರ?"

ಹೊಳೆವ್ವ ಹಳ್ಳಕ್ಕೆ ಹೋದಳು, ಕೊಡ ತುಂಬಿದಳು, ಬೀಜದ ಹಗೆವಿನ ಬಾಯಿಗೆ ಬಂದು ನಿಂತಳು. ಒಳಗಿನಿಂದ ಹೊಸ ಜೋಳದ ಬಿಸಿ ಮುಖಕ್ಕೆ ಹೊಡೆಯಿತಂತೆ. ತಮ್ಮನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಕೊಡ ಬೋರಲು ಹಾಕಿದಳು. ಅವಳ ಹಿಂದೆ ಇಡೀ ಊರು ಹೊಯ್ದಿತು, ಊರ ಹಿಂದೆ ಬಡಗಣ ಊರುಗಳೂ ಹೊಯ್ದವು.

ದಂಡು ಬರಲಿಲ್ಲ.

ಕೊರವಿಹಾಳಕ್ಕೂ ಬರಲಿಲ್ಲ, ಪಟ್ಟಣಕ್ಕೂ ಹೋಗಲಿಲ್ಲ. ಹೊಳೆಯ ದಂಡೆ ಹಿಡಿದು ಪಡುವಣಕ್ಕೆ ತಿರುಗಿ, ಬಂದ ಸೀಮೆಗೇ ಹೋಯಿತು. ಕಾಳಿಲ್ಲವೆಂದು ಬೇಹಿನವರಿಂದ ತಿಳಿದು ತಿರುಗಿತು ಅಂತ ಕೆಲವರು ಅಂತಾರೆ. ಅವರ ಸರದಾರನಿಗೆ ಜ್ವರ ಬಂದಿತ್ತು, ಹೇಗಿದ್ದರೂ ತಿರುಗುತ್ತಿತ್ತು ಅಂತ ಕೆಲವರು ಅಂತಾರೆ. ಅರಸ ಮಾತ್ರ ಮಲಕಾಜಪ್ಪನ ಕೈಗೆ ಬಂಗಾರದ ಕಡಗ ತೊಡಿಸಿದನಂತೆ.

ಇತ್ತ ಊರಲ್ಲಿ ಜೋಳ ಹುಳಿಯಿತು, ನಾರಿತು, ಕಪ್ಪಾಯಿತು. ಅದನ್ನೇ ತೆಗೆದು ಒಣಗಿಸಿ ಬೀಸಿ ಉಂಡರು. ಉಂಡವರ ಹೊಟ್ಟೆ ಉಬ್ಬಿತು. ಮೊದಲು ಮುದುಕರು ಹೋದರು, ಹಿಂದೆ ಕೂಸುಗಳು ಹೋದವು. ಬಾಳವ್ವ ಒಂದು ಮುಂಜಾನೆ ತಾಯಿಯ ತೊಡೆಯ ಮೇಲೆ ರೊಟ್ಟಿ ಕೇಳುತ್ತ ಕೇಳುತ್ತ ಸುಮ್ಮನಾಯಿತು. ಆ ವರ್ಷ ಮಳೆ ಎಂಥ ಮಳೆ ಅಂತೀರಿ! ಎರೆಹೊಲದ ಕರಿಮಣ್ಣು ಬೆಣ್ಣೆಯ ಹಾಗೆ ಹದವಾಗಿ ಬಿದ್ದುಕೊಂಡಿತ್ತಂತೆ. ಬಿತ್ತಲಿಕ್ಕೆ ಬೊಗಸೆ ಬೀಜ ಇರಲಿಲ್ಲ.

ಆ ಹದದಲ್ಲೇ ಮಲಕಾಜಪ್ಪ ಬಂದ. ಹೊಳೆವ್ವ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಕರಿ ಜೋಳದ ರೊಟ್ಟಿ ಮುಂದಿಟ್ಟಳು. ಅವನು ಅತ್ತಿತ್ತ ನೋಡಿದ.

"ಬಾಳಿ ಎಲ್ಲಿ, ಯಕ್ಕಾ? ಮಾವನ ಮ್ಯಾಲ ಸಿಟ್ಟೇನು?"

"ಮೊದಲ ಉಣ್ಣು. ಆಮ್ಯಾಲ ಹೇಳ್ತೀನಿ."

ಉಂಡ. ಕಹಿ ರೊಟ್ಟಿ ಪೂರಾ ಉಂಡ. ಕೈ ತೊಳೆದಮೇಲೆ ಅವಳು ಹೇಳಿದಳು. ಅವನು ಎದ್ದು ನೆಟ್ಟಗೆ ಅಗಸಿಕಟ್ಟೆಗೆ ಹೋಗಿ ಕಡಗ ಬಿಚ್ಚಿಟ್ಟು, ನನ್ನ ನ್ಯಾಯ ಮಾಡಿರಿ ಅಂದನಂತೆ.

ಊರು ಕೂಡಿತು. ಅವನ ಸಂಗಡ ಬಂದ ಸಿಪಾಯಿಗಳು, ನೂರು ಊರು ಉಳಿಸಿದ ಧಣಿ ಇವನು, ಕಾಲಿಗೆ ಬೀಳಿರಿ ಅಂದರು. ಕೂಸು ಹೂಳಿದ ಹೆಂಗಸರು ಮಣ್ಣು ತೂರಿದರು. ಮುದಿಗೌಡ ಎಲ್ಲರನ್ನೂ ಸುಮ್ಮನಿರಿಸಿ ಒಂದೇ ಮಾತು ಕೇಳಿದ.

"ಮಲಕಾಜಾ, ಖರೇ ಹೇಳು. ನಾವು ನೀರು ಹೊಯ್ಯದಿದ್ದರ ದಂಡು ಬರ್ತಿತ್ತೋ ಇಲ್ಲೋ?"

ಹೌದು ಅಂದಿದ್ದರೆ ಸಿಪಾಯಿಗಳು ಅವನನ್ನು ಹೆಗಲ ಮೇಲೆ ಹೊರುತ್ತಿದ್ದರು. ಇಲ್ಲ ಅಂದಿದ್ದರೆ ಊರು ಅಲ್ಲೇ ಕಲ್ಲಲ್ಲಿ ಕೊಲ್ಲುತ್ತಿತ್ತು. ಅವನು ಎರಡೂ ಅನ್ನಲಿಲ್ಲ.

"ಗೊತ್ತಿಲ್ಲ, ಗೌಡ್ರ. ಆಗೂ ಗೊತ್ತಿರಲಿಲ್ಲ, ಈಗೂ ಗೊತ್ತಿಲ್ಲ."

ಗೌಡ ಹೊಳೆವ್ವನ ಕಡೆ ತಿರುಗಿ, ತಮ್ಮ ನಿನ್ನವನು, ಸತ್ತ ಕೂಸೂ ನಿನ್ನದು, ನೀನೇ ಹೇಳವ್ವ ಅಂದ. ಅವಳು ತಮ್ಮನ ಬಳಿ ಹೋದಳು. ಹೊಡೆಯುತ್ತಾಳೆ ಅಂದುಕೊಂಡರು ಕೆಲವರು. ಅಪ್ಪಿಕೊಳ್ಳುತ್ತಾಳೆ ಅಂದುಕೊಂಡರು ಕೆಲವರು.

"ಕುದರಿ ಇಲ್ಲೇ ಬಿಡು. ಮನಿಮನಿ ಹೊಸ್ತಿಲದಾಗ ನಿಂದರು. ನೀ ಮಾಡಿದ್ದು ಹೇಳು, ಬೀಜ ಬೇಡು. ಅವರು ಏನಂದರೂ ಅನ್ನಿಸ್ಕೊಂಡು ಬಾ."

ದಳವಾಯಿ ಜೋಳಿಗೆ ಹಾಕಿಕೊಂಡು ನಡೆದ. ಬಡಗಣ ಊರುಗಳಲ್ಲಿ ಹಗೆವು ಅವನೇ ಕೊಳೆಸಿದ್ದು. ಅಲ್ಲಿ ಬೀಜ ಎಲ್ಲಿಂದ ಬರಬೇಕು? ಉಗುಳಿಸಿಕೊಂಡ, ನಾಯಿ ಬಿಡಿಸಿಕೊಂಡ, ಮುಂದಕ್ಕೆ ನಡೆದ. ಪಟ್ಟಣದಾಚೆಯ ತೆಂಕಣ ಊರುಗಳಲ್ಲಿ ಜನ ಕಾಲು ತೊಳೆದು, ನಮ್ಮನ್ನು ಉಳಿಸಿದ ತಂದೆ ಅಂತ ಬೊಗಸೆ ಬೊಗಸೆ ಸುರಿದರು. ಉಗುಳಿಗೂ ಅವನು ಬಾಯಿ ಬಿಡಲಿಲ್ಲ, ಹೊಗಳಿಕೆಗೂ ಬಾಯಿ ಬಿಡಲಿಲ್ಲ. ಹಾಗಂತಾರೆ.

ಹದ ಆರಿಹೋಗುವ ಮೊದಲು ಮೂಟೆ ಹೊತ್ತು ಬಂದ. ಬಂದವನು ಅಗಸಿಯೊಳಗೆ ಕುಸಿದ. ಆ ಹೊತ್ತಿಗೆ ಅವನಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲವಂತೆ. ಬೇಡಿದ್ದರಲ್ಲಿ ಒಂದು ಕಾಳನ್ನೂ ಅವನು ಉಂಡಿರಲಿಲ್ಲ. ಹೊಳೆವ್ವ ಓಡಿ ಬಂದಳು. ಮೊದಲು ಮೂಟೆ ಎತ್ತಿಕೊಂಡಳು, ಆಮೇಲೆ ತಮ್ಮನ ತಲೆ. ಅಷ್ಟರಲ್ಲಿ ಅವನು ಹೋಗಿದ್ದ. ಅವನನ್ನು ಹೂಳಿದ್ದೂ ಬಿತ್ತಿದ್ದೂ ಒಂದೇ ದಿನ.

ಇವತ್ತಿಗೂ ನಮ್ಮೂರಲ್ಲಿ ಹಿಂಗಾರಿ ಬಿತ್ತುವ ಮುಂಚೆ ಒಬ್ಬ ಗಂಡಸು ಜೋಳಿಗೆ ಹಾಕಿಕೊಂಡು ಪರವೂರಿಗೆ ಬೀಜ ಬೇಡಲು ಹೋಗುತ್ತಾನೆ. ಮನೆಯಲ್ಲಿ ಚೀಲಗಟ್ಟಲೆ ಬೀಜ ಇದ್ದರೂ ಹೋಗುತ್ತಾನೆ. ಯಾರ ಕಡೆಯವನು ಅಂದರೆ, ಮಲಕಾಜಪ್ಪನ ಕಡೆಯವನು ಅನ್ನಬೇಕು. ಆಮೇಲೆ ಅವರು ಏನಂದರೂ ತುಟಿ ಬಿಚ್ಚಬಾರದು. ಕೆಲವು ಮನೆಯಲ್ಲಿ ಆರತಿ ಎತ್ತುತ್ತಾರೆ. ಹೋದ ವರ್ಷ ಬಡಗಣ ಊರೊಂದರಲ್ಲಿ ಮುದುಕಿಯೊಬ್ಬಳು ಬೀಜ ಬೇಡಲು ಹೋದ ನಮ್ಮ ಯಮನೂರಪ್ಪನ ಮೈಮೇಲೆ ಮುಸುರೆ ನೀರು ಎರಚಿ, ಒಳಗೆ ಹೋಗಿ, ಒಂದು ಹಿಡಿ ಬೀಜ ತಂದು ಹಾಕಿದಳು. ಯಮನೂರಪ್ಪ ಅಂದರೆ ಸಾಮಾನ್ಯ ಆಳಲ್ಲ, ಜೋಳದ ಚೀಲವನ್ನು ಹಲ್ಲಲ್ಲಿ ಕಚ್ಚಿ ಎತ್ತುವವನು. ಕೊರವಿಹಾಳದ ಗಂಡಸರು ಯಾರೆದುರಿಗೂ ತಲೆ ಬಗ್ಗಿಸಿದವರಲ್ಲ, ಸುತ್ತಲಿನ ಯಾವ ಊರಲ್ಲಾದರೂ ಕೇಳಿ ನೋಡಿ. ಅವತ್ತು ಅವನು ತಲೆ ಬಗ್ಗಿಸಿ ಜೋಳಿಗೆ ಒಡ್ಡಿದ, ಒದ್ದೆ ಅಂಗಿಯಲ್ಲೇ ಮುಂದಿನ ಮನೆಗೆ ಹೋದ.