ಬುದವಂತನೂ ಕಲ್ವದ ಕುಟುಂಬವೂ

ಹೊಳೆ ಹೋಗಿ ಸಮುದ್ರ ಸೇರೋ ಅಳಿವೆಯ ಬಾಯಲ್ಲಿ ಬೀರಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಒಬ್ಬನೇ ಮಗ, ಹೆಸರು ಬುದವಂತ. ಹೆಸರಿಟ್ಟವರನ್ನ ಏನೂ ಅನ್ನೋ ಹಾಗಿಲ್ಲ. ಅವನು ಹುಟ್ಟಿದ್ದು ಬುಧವಾರ.

ಬಂಡೆಗೆ ಅಂಟಿಕೊಂಡಿರೋ ಕಲ್ವ ಒಡೆದು ಮಾರೋದು ಬೀರಮ್ಮನ ಕಸುಬು. ಕಲ್ವ ಅಂದರೆ ಸಿಂಪಿ. ಹೊರಗೆ ಕಲ್ಲಿನಂಥ ಚಿಪ್ಪು, ಒಳಗೆ ಬೆಣ್ಣೆಯಂಥ ಮಾಂಸ.

ಒಂದಿನ ಅವಳ ಕಾಲಿಗೆ ಗಾಯ ಆಯ್ತು. "ಮಗಾ, ಇವತ್ತು ನೀನು ಹೋಗು. ಬುಟ್ಟಿ ತುಂಬ ಕಲ್ವದ ಚಿಪ್ಪು ಬಿಡಿಸಿಕೊಂಡು ಬಾ."

ಹೋದ. ಬಿಡಿಸಿದ. ಬುಟ್ಟಿ ತುಂಬ ಚಿಪ್ಪು ತಂದ. ಮಾಂಸ ಕಾಗೆ ಪಾಲು.

"ಅಯ್ಯೋ ಮಂಕೇ! ಚಿಪ್ಪು ಎಸೀಬೇಕು, ಒಳಗಿದ್ದದ್ದು ತರಬೇಕು!"

"ಹೌದಾ ಅಬ್ಬೇ? ಇನ್ನು ಹಾಗೇ ಮಾಡ್ತೆ."

ಮಾರನೇ ದಿನ ಮೊಟ್ಟೆ ತರೋಕೆ ಕಳಿಸಿದಳು. ಹೋದ. ತಗೊಂಡ. ಅಂಗಡಿ ಮೆಟ್ಟಿಲ ಮೇಲೇ ಕೂತು ಒಡೆದ. ಚಿಪ್ಪು ಎಸೆದ. ಒಳಗಿದ್ದದ್ದನ್ನ ಪಂಚೆಯಲ್ಲಿ ಹಿಡಿದು ತಂದ. ಮನೆ ಮುಟ್ಟುವಾಗ ಪಂಚೆ ಇತ್ತು, ಹಿಂದೆ ಕೇರಿಯ ಬೆಕ್ಕೆಲ್ಲ ಇತ್ತು.

"ಅಯ್ಯೋ ಮಾರಾಯಾ! ಹುಲ್ಲು ಸುತ್ತಬೇಕು, ಬುಟ್ಟಿಯಲ್ಲಿಡಬೇಕು, ತಲೆ ಮೇಲೆ ಹೊತ್ತು ಮೆಲ್ಲಗೆ ತರಬೇಕು!"

"ಹೌದಾ ಅಬ್ಬೇ? ಇನ್ನು ಹಾಗೇ ಮಾಡ್ತೆ."

ಆಮೇಲೆ ಕಾಲೇಜಿನ ಸುಬ್ರಾಯ ಮೇಷ್ಟ್ರು ಕಲ್ವ ನೋಡೋಕೆ ದೋಣಿಯಲ್ಲಿ ಬಂದರು. "ಹೋಗಿ ಮೇಷ್ಟ್ರನ್ನ ತಾ" ಅಂದಳು ಬೀರಮ್ಮ. ಮೇಷ್ಟ್ರು ಪಾಪ ಸಣ್ಣ ಆಳು. ಬುಟ್ಟಿಯಲ್ಲಿ ಹಿಡಿಸಿದರು.

"ಅಯ್ಯಯ್ಯೋ! ದೊಡ್ಡವರನ್ನ ಹೊರೋದಲ್ವೋ! ಎದುರಿಗೆ ಕೈಕಟ್ಟಿ ಕೂತು, ಅವರು ಹೇಳಿದ್ದನ್ನ ಕಲೀಬೇಕು. ಯಾರಾದ್ರೂ ಕೇಳಿದರೆ ಅದನ್ನೇ ಹೇಳಬೇಕು!"

ಕೂತ. ಮೇಷ್ಟ್ರು ಕಿವಿಯಲ್ಲಿದ್ದ ಹುಲ್ಲು ತೆಗೆದು, ಒಂದು ಕಲ್ವ ಎತ್ತಿ ಹಿಡಿದರು.

"ನೋಡು ತಮ್ಮಾ, ಇದರ ಕುಟುಂಬಕ್ಕೆ ವಿಜ್ಞಾನದಲ್ಲಿ ಆಸ್ಟ್ರೀಯಿಡೀ ಅಂತ ಹೆಸರು. ಮರಿ ಇರುವಾಗ ಈಜ್ತದೆ. ಒಮ್ಮೆ ಬಂಡೆಗೆ ಅಂಟಿದರೆ ಸಾಯೋವರೆಗೂ ಏಳೋದಿಲ್ಲ. ಹೆಚ್ಚಿನವು ಮೊದಲು ಗಂಡು, ಆಮೇಲೆ ಹೆಣ್ಣು."

ಬುದವಂತ ಕಲಿತ. ಆಸ್ಟ್ರೀಯಿಡೀ, ಆಸ್ಟ್ರೀಯಿಡೀ. ಉಂಡರೂ ಅದೇ, ಮಲಗಿದರೂ ಅದೇ.

ಅಷ್ಟರಲ್ಲಿ ಆಚೆ ದಡದ ಗಿರಿಯಣ್ಣ, ಮಗಳಿಗೆ ಗಂಡು ಹುಡುಕುತ್ತ, ಇವರ ಮನೆಗೂ ಬಂದ. ಅಲ್ಲಿವರೆಗೆ ಆ ಮನೆಗೆ ಹೆಣ್ಣು ಕೊಡ್ತೇವೆ ಅಂತ ಯಾರೂ ಕಾಲಿಟ್ಟಿರಲಿಲ್ಲ. ಬೀರಮ್ಮ ಹಬ್ಬದ ಸೀರೆ ಉಟ್ಟಳು, ಕಲ್ವದ ಸುಕ್ಕ ಮಾಡಿ ಬಡಿಸಿದಳು, ಬಾಗಿಲ ಹಿಂದೆ ನಿಂತು ದೇವರಿಗೆ ಕೈ ಮುಗಿದಳು.

"ನಿಮ್ಮದು ಯಾವ ಕುಟುಂಬ, ತಮ್ಮಾ?"

"ಆಸ್ಟ್ರೀಯಿಡೀ."

ಗಿರಿಯಣ್ಣ ಈ ಹೆಸರು ಕೇಳಿರಲಿಲ್ಲ. ದೊಡ್ಡ ಮನೆತನವೇ ಇರಬೇಕು ಅಂದುಕೊಂಡ.

"ಕೆಲಸ ಎಂತದು?"

"ಮರಿ ಇರುವಾಗ ಈಜೋದು. ಒಮ್ಮೆ ಅಂಟಿದರೆ ಸಾಯೋವರೆಗೂ ಏಳೋದಿಲ್ಲ."

ಗಿರಿಯಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟ.

"ಮನೆಗೆ ನೀನೊಬ್ಬನೇ ಗಂಡು, ಅಲ್ವಾ?"

"ಮೊದಲು ಗಂಡು. ಆಮೇಲೆ ಹೆಣ್ಣು."

ಗಿರಿಯಣ್ಣ ಎದ್ದ. ಬಾಯಿ ಅಗಲ ಮಾಡಿ ಬೈಯತೊಡಗಿದ. ಬೀರಮ್ಮ ಓಡಿ ಬಂದು ಹಣೆ ಚಚ್ಚಿಕೊಂಡಳು.

"ಸಾಕೋ ಮಗಾ! ಬಾಯಿ ಮುಚ್ಚೋ!"

ಯಾರ ಬಾಯಿ ಅಂತ ಅವಳು ಹೇಳಲಿಲ್ಲ. ಅಲ್ಲಿ ತೆರೆದಿದ್ದದ್ದು ಒಂದೇ. ಬುದವಂತ ಎದ್ದುಹೋಗಿ, ಎರಡೂ ಕೈಯಿಂದ ಗಿರಿಯಣ್ಣನ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದ.

"ಮುಚ್ಚಿದೆ ಅಬ್ಬೇ. ಎಷ್ಟು ಹೊತ್ತು ಹಿಡೀಬೇಕು?"